ಕಾರಿಲ್ಲದ ಊರಿಗೆ ಅತ್ತೆಯ ದಂಡಯಾತ್ರೆ

ನಮ್ಮತ್ತೆಯನ್ನು ಯಾವುದಾದರೂ ದೇಶಕ್ಕೆ ಕರೆದುಕೊಂಡು ಹೋಗುವ ಮುಂಚೆ ಆ ದೇಶದವರಿಗೆ ಒಂದು ಮಾತು ತಿಳಿಸಿಬಿಡುವುದು ಒಳ್ಳೆಯದು. ನಾನು ತಿಳಿಸಲಿಲ್ಲ. ಬಾಲ್ಟಿಕ್ ಸಮುದ್ರದ ದಂಡೆಯಲ್ಲಿ ತನ್ನ ಪಾಡಿಗೆ ತಾನು ನೂರಾರು ವರ್ಷಗಳಿಂದ ನಿಂತಿರುವ ಊರು ಟಾಲಿನ್. ಡೆನ್ಮಾರ್ಕಿನವರನ್ನು ಕಂಡಿದೆ, ಜರ್ಮನರನ್ನು ಕಂಡಿದೆ, ಸ್ವೀಡನ್ನಿನವರನ್ನು, ರಷ್ಯದವರನ್ನು ಎಲ್ಲರನ್ನೂ ಕಂಡಿದೆ. ಆದರೆ ಧಾರವಾಡದಲ್ಲಿ ಹುಟ್ಟಿ ಹ್ಯೂಸ್ಟನ್ನಿನಲ್ಲಿ ಹಣ್ಣಾದ ಹೆಂಗಸನ್ನು ಕಂಡಿರಲಿಲ್ಲ. ಪಾಪ!

ಅತ್ತೆ ಎಂದರೆ ಗಂಡನ ತಾಯಿಯಲ್ಲ. ಗಂಡನ ತಾಯಿಯ ಬಗ್ಗೆ ಹೀಗೆಲ್ಲ ಬರೆಯುವ ಧೈರ್ಯ ನನಗೆಲ್ಲಿದೆ? ಇವರು ನಮ್ಮಪ್ಪನ ತಂಗಿ. ಅಪ್ಪ ಕೆಲಸದ ಮೇಲೆ ಮೈಸೂರಿಗೆ ಬಂದು ಅಲ್ಲೇ ಉಳಿದದ್ದರಿಂದ ನನ್ನ ಮಾತು ಮೈಸೂರಿನದಾಯಿತು. ಅತ್ತೆಯದು ಮಾತ್ರ ಅರ್ಧ ಆಯುಷ್ಯವನ್ನು ಟೆಕ್ಸಸ್ಸಿನಲ್ಲಿ ಕಳೆದರೂ ಅಪ್ಪಟ ಧಾರವಾಡ. ಹ್ಯೂಸ್ಟನ್ನಿನ ಪಕ್ಕದ ಮಿಸೌರಿ ಸಿಟಿಯಲ್ಲಿ ಅವರ ಮನೆ. ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿ ದುಡಿದು ನಿವೃತ್ತರಾದವರು. ಮಾವ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ಒಬ್ಬರೇ ಎಂದರೆ ಬೇಜಾರು ಮಾಡಿಕೊಳ್ಳಬೇಡಿ. ಇಡೀ ಬಡಾವಣೆಯೇ ಅವರಿಗೆ ಹೆದರಿಕೊಂಡು ಜೊತೆಗಿದೆ.

ನಾವಿರುವ ಟೆಕ್ಸಸ್ಸಿನ ಬಡಾವಣೆಗಳಲ್ಲಿ ಮನೆ ಮಾಲೀಕರ ಸಂಘ ಎಂಬುದೊಂದು ಇರುತ್ತದೆ. ಹುಲ್ಲು ಎಷ್ಟೆತ್ತರ ಬೆಳೆಯಬೇಕು, ಬಾಗಿಲಿಗೆ ಯಾವ ಬಣ್ಣ ಬಳಿಯಬೇಕು ಎಂದು ಅವರು ಹೇಳುತ್ತಾರೆ, ನಾವು ಕೇಳುತ್ತೇವೆ. ಅತ್ತೆ ಮನೆಯ ಮುಂದಿನ ಹೂವಿನ ಮರಕ್ಕೆ ಹೀರೇಬಳ್ಳಿ ಹಬ್ಬಿಸಿದರು. ಸಂಘದ ಅಧ್ಯಕ್ಷರು, ಆರಡಿ ದಾಟಿದ ಅಜ್ಜ, ನೋಟಿಸು ಹಿಡಿದುಕೊಂಡು ಸ್ವತಃ ಬಂದರು. ಅತ್ತೆ ಅವರನ್ನು ಒಳಗೆ ಕೂರಿಸಿ ಬಿಸಿಬಿಸಿ ಹೀರೇಕಾಯಿ ಬಜ್ಜಿ ತಿನ್ನಿಸಿದರು. ನೋಟಿಸು ಹಿಡಿದುಕೊಂಡು ಬಂದವರು ಹೋಗುವಾಗ ಬೀಜ ಹಿಡಿದುಕೊಂಡು ಹೋದರು!

ಇಂಥ ಅತ್ತೆಗೆ ಎದುರು ನಿಂತು ಗೆದ್ದವನು ಒಬ್ಬನೇ, ಅವರ ಮಗ. ಆಸ್ಟಿನ್ನಿನಲ್ಲಿ ಕೆಲಸ. ಟೆಕ್ಸಸ್ಸಿನಲ್ಲೇ ಹುಟ್ಟಿದವನು, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಬರುವುದು ಇಂಗ್ಲಿಷ್. ಆದದ್ದಿಷ್ಟೆ. ಒಂದು ಬೆಳಿಗ್ಗೆ ಅತ್ತೆ ಕಾರನ್ನು ರಿವರ್ಸ್ ತೆಗೆಯುವಾಗ ಮನೆಯ ಮುಂದಿನ ಮೇಲ್‌ಬಾಕ್ಸ್ ನೆಲ ಕಚ್ಚಿತು. ಸ್ವಂತ ಮೇಲ್‌ಬಾಕ್ಸು. ಯಾರಿಗೇನು ನಷ್ಟ? ಅತ್ತೆಯ ವಾದವಂತೂ ಸ್ಪಷ್ಟವಾಗಿತ್ತು: "ಅದು ನಿನ್ನಿತನಕ ಅಲ್ಲಿರಲಿಲ್ಲ!" ಮಗ ಆಸ್ಟಿನ್ನಿನಿಂದ ಓಡಿ ಬಂದ. ನೆಲದ ಮೇಲೆ ಮಲಗಿದ್ದ ಮೇಲ್‌ಬಾಕ್ಸನ್ನು ನೋಡಿದ, ಅಮ್ಮನ ಮಂಡಿಯನ್ನು ನೋಡಿದ (ಅದಕ್ಕೆ ಆಪರೇಷನ್ ಆಗಿ ವರ್ಷವಾಗಿತ್ತು), "ಅಮ್ಮಾ, ಇಟ್ಸ್ ನಾಟ್ ಸೇಫ್" ಎಂದು ಕಾರಿನ ಕೀಯನ್ನು ಜೇಬಿಗೆ ಹಾಕಿಕೊಂಡು ಹೊರಟೇಹೋದ.

ಬೇರೆ ಊರಿನವರಿಗೆ ಇದರ ಘೋರತೆ ತಿಳಿಯಲಿಕ್ಕಿಲ್ಲ. ಟೆಕ್ಸಸ್ಸಿನಲ್ಲಿ ಕಾರಿಲ್ಲವೆಂದರೆ ಕೊತ್ತಂಬರಿ ಸೊಪ್ಪಿಗೂ ಇನ್ನೊಬ್ಬರ ಮುಖ ನೋಡಬೇಕು. ಮಗ ಫೋನಿನಲ್ಲಿ ಬಾಡಿಗೆ ಕಾರು ಕರೆಸಿಕೊಳ್ಳುವುದನ್ನು ಕಲಿಸಿಕೊಟ್ಟಿದ್ದ. ಅತ್ತೆ ಹಿಂದಿನ ಸೀಟಿನಲ್ಲಿ ಕೂತು, ಯಾವ ಲೇನಿಗೆ ಹೋಗಬೇಕು, ಎಲ್ಲಿ ಬ್ರೇಕ್ ಒತ್ತಬೇಕು ಎಂದು ಹೇಳುತ್ತಾ ಹೋಗುತ್ತಿದ್ದರು. ಒಬ್ಬ ಡ್ರೈವರು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, "ಮ್ಯಾಮ್, ನೀವೇ ಓಡಿಸ್ತೀರಾ?" ಎಂದು ಕೈ ಮುಗಿದನಂತೆ. ಅತ್ತೆ ಅದನ್ನು ಹೊಗಳಿಕೆ ಎಂದೇ ತಿಳಿದು ನಾಲ್ಕು ಜನಕ್ಕೆ ಫೋನ್ ಮಾಡಿ ಹೇಳಿದರು.

ನನಗೂ ಮಾಡಿದರು. ನಾನು ಟೆಕ್ಸಸ್ಸಿನದೇ ಇನ್ನೊಂದು ಊರಾದ ಪ್ಲೇನೋದಲ್ಲಿ ಆಫೀಸು ಮುಗಿಸಿ ಫ್ರೀವೇ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೆ.

"ನೀ ಫಿನ್‌ಲ್ಯಾಂಡಿಗೆ ಹೊಂಟೀಯಂತ?"

"ಹೌದು ಅತ್ತೆ, ಆಫೀಸ್ ಕೆಲ್ಸ. ಹೆಲ್ಸಿಂಕಿಗೆ."

"ಕೆಲಸ ಮುಗಿದ ಮ್ಯಾಲೆ?"

"ವಾಪಸ್ ಬರ್ತೀನಿ."

"ಬರಬ್ಯಾಡ. ಅಲ್ಲೆ ಸಮುದ್ರ ದಾಟಿದ್ರ ಟಾಲಿನ್ ಅಂತ ಊರೈತಿ. ಹಳೇ ಕೋಟಿ ಒಳಗ ಕಾರು ಅಡ್ಡಾಡಂಗಿಲ್ಲಂತ. ಎಲ್ಲಾರೂ ನಡೀಬೇಕು, ರಾಜಾ ಆದ್ರೂ ಅಷ್ಟ. ಯಾರ ಮಗಾನೂ ಯಾರ ಅವ್ವನ ಕೀ ಕಸಗೊಳ್ಳಾಕ ಆಗೂದಿಲ್ಲ. ಅಂಥಾ ಊರು ನಾ ನೋಡಬೇಕು."

"ಅತ್ತೆ, ಅಲ್ಲೆಲ್ಲ ಕಲ್ಲುಹಾಸಿನ ಬೀದಿ. ನಿಮ್ಮ ಮಂಡಿ…"

"ನನ್ನ ಮಂಡೀಗೇನಾಗೈತಿ?"

ಈ ಪ್ರಶ್ನೆಗೆ ಉತ್ತರ ಹೇಳಿ ಉಳಿದವರಿಲ್ಲ. ಅವರ ನಡಿಗೆ ಒಂದು ಕಡೆಗೆ ಸ್ವಲ್ಪ ವಾಲುತ್ತದೆ ಎಂಬುದನ್ನು ಜಗತ್ತೆಲ್ಲ ನೋಡಿದೆ. ಅವರು ಒಪ್ಪಿಲ್ಲ, ಅಷ್ಟೆ. ನೆಲವೇ ಆ ಕಡೆಗೆ ಇಳಿಜಾರಾಗಿದೆ ಎಂದು ಅವರ ಅಭಿಪ್ರಾಯ. ಹ್ಯೂಸ್ಟನ್ನಿನ ನೆಲ ದೋಸೆ ಹೆಂಚಿನಷ್ಟು ಸಮತಟ್ಟು ಎಂದು ಅವರಿಗೆ ಯಾರು ಹೇಳುವುದು?

ಮಗ ನನಗೆ ಫೋನ್ ಮಾಡಿ ಗೋಗರೆದ. ಮೆಟ್ಟಿಲು ಹತ್ತಿಸಬೇಡ, ಹೆಚ್ಚು ನಡೆಸಬೇಡ, ವಿಮಾನ ನಿಲ್ದಾಣದಲ್ಲಿ ವೀಲ್‌ಚೇರ್ ಬುಕ್ ಮಾಡಿದ್ದೇನೆ ಎಂದ. ನಾನು ಎಲ್ಲಕ್ಕೂ ಆಯಿತು ಎಂದೆ. ಆಫೀಸ್ ಕೆಲಸ ಮುಗಿಸಿ, ಹೆಲ್ಸಿಂಕಿಯ ನಿಲ್ದಾಣದಲ್ಲಿ ಅತ್ತೆಗಾಗಿ ಕಾಯುತ್ತಾ ನಿಂತಿದ್ದೆ. ವೀಲ್‌ಚೇರ್ ಬಂತು. ಅದನ್ನು ತಳ್ಳುವ ಹುಡುಗಿಯೂ ಬಂದಳು. ಕುರ್ಚಿಯ ಮೇಲೆ ಬೆಲ್ಟು ಬಿಗಿಸಿಕೊಂಡು ಅತ್ತೆಯ ಹ್ಯಾಂಡ್‌ಬ್ಯಾಗು ಕೂತಿತ್ತು! ಪಕ್ಕದಲ್ಲಿ ಅತ್ತೆ, ಇಳಕಲ್ ಸೀರೆಯ ಮೇಲೆ ಮಗನ ಹಳೆಯ ಕಾಲೇಜು ಜಾಕೆಟ್ಟು ತೊಟ್ಟು, ಬಿಳಿ ವಾಕಿಂಗ್ ಶೂ ಹಾಕಿಕೊಂಡು, ಮೆರವಣಿಗೆಯ ಮುಂದಾಳಿನಂತೆ ನಡೆದು ಬರುತ್ತಿದ್ದರು. "ಪಾಪ, ರೊಕ್ಕ ಕೊಟ್ಟಾನ, ಯಾಕ ದಂಡ ಮಾಡೂದು?" ಎಂದರು.

ಮಾರನೆಯ ಬೆಳಿಗ್ಗೆ ಹಡಗು ಹತ್ತಿದೆವು. ಟಾಲಿನ್ ಹತ್ತಿರವಾದಂತೆ ನೀರಿನಂಚಿನಲ್ಲಿ ಮೊದಲು ಕಂಡದ್ದು ಒಂದು ಚರ್ಚಿನ ಚೂಪು ಶಿಖರ. ಥಂಡಿ ಗಾಳಿಗೆ ನಾನು ಒಳಗೆ ಹೋಗೋಣವೆನ್ನುತ್ತಿದ್ದೆ. ಅತ್ತೆ ಕಟಕಟೆ ಹಿಡಿದು ನಿಂತು ಅದನ್ನೇ ನೋಡುತ್ತಿದ್ದರು.

"ಅದನ್ನ ಏರಬಹುದಂತ, ಓದೇನಿ. ಅದರ ತುದೀಲಿಂದ ಒಂದು ಫೋಟೋ ತಗದು ಆಸ್ಟಿನ್ನಿಗೆ ಕಳಸ್ತೀನಿ. ಆಮ್ಯಾಲೆ ಅನ್ನಲಿ, ಅಮ್ಮಗ ವಯಸ್ಸಾತು ಅಂತ. ಹೆಂಗ ಅಂತಾನ ನೋಡೂಣು!"

ಆಗ ನನಗೆ ಗೊತ್ತಾಯಿತು. ಇದು ಪ್ರವಾಸವಲ್ಲ, ದಂಡಯಾತ್ರೆ. ನಾನು ಸೋದರಸೊಸೆಯಲ್ಲ, ಸೈನ್ಯ.

ಊರು ನಿಜಕ್ಕೂ ಚೆಂದ. ಕೆಂಪು ಹೆಂಚು, ದಪ್ಪ ಗೋಡೆ, ಗೋಡೆಗೊಂದು ಬುರುಜು, ಬುರುಜಿಗೊಂದು ಟೋಪಿ. ನಮ್ಮ ಹುಡುಗರು ಮಕ್ಕಳ ಪುಸ್ತಕದಲ್ಲಿ ಬಣ್ಣ ತುಂಬುವ ಊರಿನ ಹಾಗೆ. ಬೀದಿಯ ಉಂಡೆಗಲ್ಲುಗಳ ಮೇಲೆ ನನ್ನ ಸೂಟ್‌ಕೇಸಿನ ಚಕ್ರ ಒಂದು ಓಣಿಯಲ್ಲೇ ಪ್ರಾಣ ಬಿಟ್ಟಿತು. ಅತ್ತೆಯ ಕಾಲು ಬಿಡಲಿಲ್ಲ.

ಗೈಡ್ ಒಬ್ಬಳು ಹಳೆಯ ಕಾಲದ ಉದ್ದ ಗೌನು ತೊಟ್ಟು ನಮ್ಮಂಥ ಹತ್ತಾರು ಜನರನ್ನು ಸುತ್ತಾಡಿಸುತ್ತಿದ್ದಳು. ಕೋಟೆಗೋಡೆಯ ಮುಂದೆ ನಿಂತು ಅದರ ದಪ್ಪ, ಎತ್ತರಗಳನ್ನು ವರ್ಣಿಸಿ, "ಇಂಥ ಗೋಡೆಯನ್ನು ಬೇರೆಲ್ಲಾದರೂ ನೋಡಿದ್ದೀರಾ?" ಎಂದು ಕೇಳಿಬಿಟ್ಟಳು. ಸುಮ್ಮನೆ ಮಾತಿಗೆ ಕೇಳಿದ ಪ್ರಶ್ನೆ ಅದು. ಅತ್ತೆ ಕೈ ಎತ್ತಿದರು. ವಿಜಾಪುರ ಎಂದರು. ಆಮೇಲೆ ಫೋನು ತೆಗೆದರು. ಗೋಲಗುಂಬಜ್ ಬಂತು, ಒಳಗೆ ನಿಂತು ಪಿಸುಗುಟ್ಟಿದರೆ ಮಾತು ಸುತ್ತಿ ಸುತ್ತಿ ವಾಪಸು ಬರುವ ಕಥೆ ಬಂತು, ಕೋಟೆ, ಕಂದಕ, ತೋಪು ಎಲ್ಲ ಬಂದವು. ಗುಂಪು ಗೋಡೆಗೆ ಬೆನ್ನು ಹಾಕಿ ಅತ್ತೆಯ ಸುತ್ತ ನಿಂತಿತು. ಗೈಡ್ ಕೂಡ ಕತ್ತು ಚಾಚಿ ನೋಡುತ್ತಿದ್ದಳು. ಕೊನೆಗೆ ಜರ್ಮನ್ ದಂಪತಿಗಳು ನನ್ನ ಬಳಿ ಬಂದು, ವಿಜಾಪುರಕ್ಕೆ ಯಾವ ತಿಂಗಳಲ್ಲಿ ಹೋಗುವುದು ಒಳ್ಳೆಯದು ಎಂದು ಕೇಳಿದರು!

ಮೇಲಿನ ಗುಡ್ಡಕ್ಕೆ ಹೋಗಲು ಎರಡು ದಾರಿ. ಒಂದಕ್ಕೆ ಉದ್ದ ಕಾಲು ಎಂದು ಹೆಸರು, ಇನ್ನೊಂದಕ್ಕೆ ಗಿಡ್ಡ ಕಾಲು. ಉದ್ದ ಕಾಲು ನಿಧಾನವಾಗಿ ಏರುವ ಬೀದಿ. ಗಿಡ್ಡ ಕಾಲು ಕಡಿದಾದ ಮೆಟ್ಟಿಲು. "ಒಂದು ಕಾಲು ಉದ್ದ, ಒಂದು ಗಿಡ್ಡ, ಅದಕ್ಕೇ ನಮ್ಮ ಊರು ಕುಂಟುತ್ತದೆ ಅಂತ ನಾವೇ ತಮಾಷೆ ಮಾಡುತ್ತೇವೆ" ಎಂದಳು ಗೈಡ್. ಆಮೇಲೆ ಅತ್ತೆಯ ಕಡೆ ತಿರುಗಿ ಮೆಲ್ಲಗೆ, "ನಿಮಗೆ ಉದ್ದ ಕಾಲೇ ಅನುಕೂಲ" ಎಂದಳು.

ಬೇಕಿತ್ತಾ ಆ ಹುಡುಗಿಗೆ?

ಅತ್ತೆ ನನ್ನನ್ನು ನೋಡಿದರು. "ಊರು ಕುಂಟತೈತಿ ಅಂತ ನಾನೂ ಕುಂಟಬೇಕೇನ?" ಎಂದವರೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಿಡ್ಡ ಕಾಲಿನ ಮೆಟ್ಟಿಲಿಗೆ ಹೆಜ್ಜೆ ಇಟ್ಟರು. ಗುಂಪೆಲ್ಲ ಉದ್ದ ಕಾಲಿನಲ್ಲಿ ಆರಾಮವಾಗಿ ಹೋಯಿತು. ನಾನೊಬ್ಬಳು ಅತ್ತೆಯ ಹಿಂದೆ, ಬಿದ್ದರೆ ಹಿಡಿಯಲು ಎರಡೂ ಕೈ ಚಾಚಿಕೊಂಡು ಏರಿದೆ. ಮೇಲೆ ತಲುಪುವ ಹೊತ್ತಿಗೆ ಏದುಸಿರು ಬಿಡುತ್ತಿದ್ದವಳು ನಾನು. ಅತ್ತೆ ಕಟ್ಟೆಯೊಂದಕ್ಕೆ ಒರಗಿ, "ಈ ಉದ್ದ ಕಾಲಿನವರು ಇನ್ನೂ ಬಂದೇ ಇಲ್ಲಲ್ಲ?" ಎಂದು ಕಾಯುತ್ತಿದ್ದರು. ಒರಗಿದ್ದು ಸುಸ್ತಿಗಲ್ಲವಂತೆ, ಕಲ್ಲು ಪರೀಕ್ಷೆಗೆ.

ಮಧ್ಯಾಹ್ನ ದೊಡ್ಡ ಚೌಕಕ್ಕೆ ಇಳಿದು ಬಂದೆವು. ಅಲ್ಲೊಂದು ಔಷಧಿ ಅಂಗಡಿ, ಮಧ್ಯಯುಗದಿಂದ ಇಂದಿನವರೆಗೂ ನಡೆದುಕೊಂಡು ಬಂದದ್ದು. ಅತ್ತೆ ಬಾಗಿಲಲ್ಲಿ ಶೂ ಬಿಡುವುದೊಂದು ಬಾಕಿ, ಗುಡಿಯೊಳಗೆ ಹೋದ ಹಾಗೆ ಹೋದರು. ಹಿಂದಿನ ಕಾಲದಲ್ಲಿ ಮದ್ದೆಂದು ಮಾರುತ್ತಿದ್ದ ಒಣಗಿಸಿದ ಹುಳುಹುಪ್ಪಟೆ, ಪುಡಿ, ಬೇರುಗಳನ್ನು ಗಾಜಿನೊಳಗೆ ಇಟ್ಟಿದ್ದರು. ಎಲ್ಲವನ್ನೂ ನೋಡಿ, ಕೌಂಟರಿನ ಹಿಂದಿದ್ದ ಹೆಂಗಸಿಗೆ ತಾವೂ ಫಾರ್ಮಸಿಸ್ಟ್ ಎಂದು ಪರಿಚಯ ಹೇಳಿಕೊಂಡರು. ಇಬ್ಬರಿಗೂ ಕ್ಷಣದಲ್ಲಿ ಸ್ನೇಹ.

"ಈಗೇನು ಭಾಳ ಖರ್ಚಾಗತೈತಿ ಕೇಳು" ಎಂದು ನನ್ನನ್ನು ಮುಂದೆ ಮಾಡಿ, ನಾನು ಬಾಯಿ ತೆರೆಯುವ ಮೊದಲು ತಾವೇ ಕೇಳಿದರು.

"ಪ್ರವಾಸಿಗರ ಕಾಲಿನ ಬೊಬ್ಬೆಗೆ ಹಚ್ಚುವ ಪಟ್ಟಿ" ಎಂದಳು ಆಕೆ ನಗುತ್ತಾ.

ಅತ್ತೆಯ ಮುಖ ಸ್ವಲ್ಪ ಗಂಭೀರವಾಯಿತು. "ನೀ ಹೊರಗ ಹೋಗಿ ಹುರಿದ ಬದಾಮಿ ತಗೊಂಡ ಬಾ. ಅಲ್ಲೆ ಗಾಡಿ ಮ್ಯಾಲೆ ಮಾರಾಕ ಹತ್ತ್ಯಾರ" ಎಂದು ನನ್ನನ್ನು ಅಟ್ಟಿದರು. ನಾನು ಬಾದಾಮಿ ಪೊಟ್ಟಣ ಹಿಡಿದು ಕಿಟಕಿಯಿಂದ ಇಣುಕಿದೆ. ಅತ್ತೆ ಕುರ್ಚಿಯ ಮೇಲೆ ಕೂತು ಶೂ ಬಿಚ್ಚಿದ್ದರು. ಆ ಹೆಂಗಸು ಬಗ್ಗಿ ಅವರ ಹಿಮ್ಮಡಿಗೆ ಪಟ್ಟಿ ಹಚ್ಚುತ್ತಿದ್ದಳು. ನಾನು ಬೀದಿಯಲ್ಲೇ ಒಂದು ಸುತ್ತು ಹೆಚ್ಚಿಗೆ ಹಾಕಿ, ಕೆಮ್ಮುತ್ತಾ ಒಳಗೆ ಬಂದೆ. "ಎಷ್ಟೊತ್ತು ಬದಾಮಿ ತರಾಕ?" ಎಂದು ಬೈಸಿಕೊಂಡೆ. ಬೈಸಿಕೊಳ್ಳದೆ ಏನು ಮಾಡಲಿ?

ಇನ್ನು ಹಡಗಿನಿಂದ ಕಂಡಿದ್ದ ಆ ಚರ್ಚಿನ ಗೋಪುರ. ಹೊರಡುವ ದಿನ ಬೆಳಿಗ್ಗೆ, ತಿಂಡಿ ಮುಗಿಯುತ್ತಲೇ ಅತ್ತೆ ಎದ್ದು ನಿಂತರು.

"ಬೇಡ ಅತ್ತೆ. ನಿಮ್ಮ ಮಗನಿಗೆ ಮಾತು ಕೊಟ್ಟಿದ್ದೀನಿ."

"ನಾ ಕೊಟ್ಟಿಲ್ಲಲ್ಲ!"

ಚರ್ಚಿನೊಳಗೆ ಸುರುಳಿ ಸುರುಳಿಯಾಗಿ ಏರುವ ಕಲ್ಲಿನ ಮೆಟ್ಟಿಲು. ಸವೆದು ನಡುವೆ ಗುಳಿ ಬಿದ್ದಿದೆ. ಹಿಡಿದುಕೊಳ್ಳಲು ಒಂದು ಹಗ್ಗ. ಏರುವವರಿಗೂ ಇಳಿಯುವವರಿಗೂ ಅದೇ ಇಕ್ಕಟ್ಟು ದಾರಿ. ಅತ್ತೆ ಮುಂದೆ, ನಾನು ಹಿಂದೆ. ಪ್ರತಿ ಮೆಟ್ಟಿಲಿಗೂ ಅವರು ಮೊದಲು ಗಟ್ಟಿ ಕಾಲಿಟ್ಟು, ಆಮೇಲೆ ಇನ್ನೊಂದನ್ನು ಎಳೆದುಕೊಳ್ಳುತ್ತಿದ್ದರು. ಮಾತಿಲ್ಲ. ಅತ್ತೆ ಮಾತಾಡದೆ ಇರುವುದನ್ನು ನಾನು ಅವತ್ತೇ ನೋಡಿದ್ದು.

ನಾನು ಅವರ ಮಂಡಿಯ ಬಗ್ಗೆಯೇ ಯೋಚಿಸುತ್ತಿದ್ದೆ. ನನ್ನ ಬಗ್ಗೆ ಯೋಚಿಸಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ಏರಿದ ಮೇಲೆ ಗೋಡೆಯಲ್ಲೊಂದು ಸಣ್ಣ ಕಿಂಡಿ ಬಂತು. ಅದರಿಂದ ಕೆಳಗೆ ನೋಡಿದೆ. ನೋಡಬಾರದಿತ್ತು. ಮನೆಗಳು ಬೆಂಕಿಪೊಟ್ಟಣದಷ್ಟು. ತಲೆ ಗಿರ್ರೆಂದಿತು, ಅಂಗೈ ಬೆವರಿ ಹಗ್ಗ ಜಾರತೊಡಗಿತು. ಮೇಲಕ್ಕೂ ಆಗದು, ಕೆಳಕ್ಕೂ ಆಗದು. ಗೋಡೆಗೆ ಹಲ್ಲಿಯಂತೆ ಅಂಟಿಕೊಂಡು, "ಅತ್ತೆ" ಎಂದೆ. ಆ ಧ್ವನಿ ನನ್ನದೇ ಎಂದು ನನಗೇ ಗೊತ್ತಾಗಲಿಲ್ಲ.

ಅವರು ತಿರುಗಿ ನೋಡಿದರು. ನಾನು ಹತ್ತು ಸಲ ಬೇಡವೆಂದ ಮೆಟ್ಟಿಲನ್ನು ಮತ್ತೆ ಇಳಿದು ನನ್ನ ಪಕ್ಕಕ್ಕೆ ಬಂದು, ದಾರಿಗಡ್ಡವಾಗಿ ಕೂತುಬಿಟ್ಟರು. ನನ್ನನ್ನೂ ಕೂರಿಸಿದರು. ಮೇಲಿನಿಂದ ಒಂದು ಗುಂಪು, ಕೆಳಗಿನಿಂದ ಒಂದು ಗುಂಪು ಬಂದು ಗೊಣಗತೊಡಗಿದವು. ಅತ್ತೆ ಕೈ ಎತ್ತಿ, ಅಪ್ಪಟ ಹ್ಯೂಸ್ಟನ್ ಇಂಗ್ಲಿಷಿನಲ್ಲಿ "ಯಾಲ್ ವೇಟ್!", ಎಲ್ಲರೂ ಕಾಯಿರಿ, ಎಂದು ಗುಡುಗಿದರು. ಆ ಗೋಪುರ ಸಿಡಿಲನ್ನೂ ಬೆಂಕಿಯನ್ನೂ ತಾಳಿಕೊಂಡದ್ದಂತೆ, ಇದನ್ನೂ ತಾಳಿತು. ಎಲ್ಲರೂ ತೆಪ್ಪಗೆ ನಿಂತರು.

"ಕಣ್ಣು ಮುಚ್ಚಬ್ಯಾಡ. ನನ್ನ ಮಾರಿ ನೋಡು. ಉಸಿರು ತಗೋ. ಇನ್ನೊಂದು ಸಲ."

"ನೀವು ಹೋಗಿ ಬನ್ನಿ ಅತ್ತೆ. ನಾನು ಇಲ್ಲೇ ಕೂತಿರ್ತೀನಿ. ಇನ್ನೇನು ಬಂದೇಬಿಟ್ಟಿದೆ."

ನಿಜ. ತಿರುವಿನ ಮೇಲಿಂದ ಬೆಳಕು ಬೀಳುತ್ತಿತ್ತು, ಗಾಳಿಯ ಸದ್ದು ಕೇಳುತ್ತಿತ್ತು. ಅತ್ತೆ ಕತ್ತೆತ್ತಿ ಆ ಬೆಳಕನ್ನು ಒಂದು ಗಳಿಗೆ ನೋಡಿದರು. ಆಮೇಲೆ ಮೂಗು ಮುರಿದರು.

"ಮ್ಯಾಲೆ ಏನೈತಿ? ಗಾಳಿ. ಹ್ಯೂಸ್ಟನ್ನಿನ್ಯಾಗ ಬ್ಯಾಡಂದ್ರೂ ಬೀಸತೈತಿ. ನಡಿ, ಇಳಿಯೂಣು."

ಇಳಿಯುವಾಗ ಅವರು ನನ್ನನ್ನು ಮುಂದೆ ಬಿಡಲಿಲ್ಲ. ತಾವೇ ಒಂದು ಮೆಟ್ಟಿಲು ಕೆಳಗೆ, ನನ್ನ ಕಡೆ ಮುಖ ಮಾಡಿ, ಹಿಮ್ಮುಖವಾಗಿ ಇಳಿದರು. ನಾನು ಜಾರಿದರೆ ಅವರ ಮೇಲೆ ಬೀಳಲಿ ಎಂದು. ಆ ಮಂಡಿ ಇಟ್ಟುಕೊಂಡು! ಕೆಳಗೆ ಬಂದದ್ದೇ, "ಹಸಿವಾತು" ಎಂದು ಚರ್ಚಿನ ಮುಂದಿನ ಬೆಂಚಿನ ಮೇಲೆ ಕೂತು, ಆ ಊರಿನ ಕರಿ ಬ್ರೆಡ್ಡಿಗೆ ಬ್ಯಾಗಿನೊಳಗಿನ ಶೇಂಗಾ ಚಟ್ನಿಪುಡಿ ಹಚ್ಚಿ ಕೊಟ್ಟರು. ಗೋಪುರದ ಮಾತೇ ಎತ್ತಲಿಲ್ಲ. ಆಸ್ಟಿನ್ನಿಗೆ ಫೋಟೋ ಹೋಗಲಿಲ್ಲ.

ದೀಪಾವಳಿಗೆ ನಾವೆಲ್ಲ ಮಿಸೌರಿ ಸಿಟಿಯಲ್ಲಿ ಸೇರಿದೆವು. ಮಧ್ಯಾಹ್ನದ ಊಟ, ಮನೆ ತುಂಬ ಜನ. ಪ್ಲೇನೋದಿಂದ ನಾವು, ಆಸ್ಟಿನ್ನಿನಿಂದ ಮಗ, ಹ್ಯೂಸ್ಟನ್ನಿನ ಅಂಕಲ್ ಆಂಟಿಯರು. ನನ್ನ ಗಂಡನಿಗೆ ಬಾಯಿ ಸುಮ್ಮನಿರುವುದಿಲ್ಲವಲ್ಲ, ಎಲ್ಲರ ಮುಂದೆ ಕೇಳಿದ: "ಏನತ್ತೆ, ಅಷ್ಟು ದೂರ ಹೋಗಿ ಟವರ್ ಹತ್ತಲೇ ಇಲ್ಲವಂತೆ? ಅರ್ಧಕ್ಕೇ ಇಳಿದುಬಿಟ್ರಂತೆ?"

ನಾನು ಅವನಿಗೆ ಅಷ್ಟನ್ನೇ ಹೇಳಿದ್ದೆ. ಯಾಕೆ ಇಳಿದೆವು ಎಂದು ಹೇಳಿರಲಿಲ್ಲ.

ಅತ್ತೆ ಹೋಳಿಗೆಯ ತಟ್ಟೆ ಕೆಳಗಿಟ್ಟರು. "ಹೌದ್ರಿ. ನನ್ನ ಮಂಡಿ ಕೈ ಕೊಡ್ತು. ನನಗ ಏರಾಕ ಆಗಲಿಲ್ಲ. ಪಾಪ, ಈಕಿ ನನ್ನ ಸಲುವಾಗಿ ತಿರುಗಿ ಬಂದ್ಲು."

ಅತ್ತೆಯ ಬಾಯಿಂದ "ಆಗಲಿಲ್ಲ" ಎಂಬ ಮಾತನ್ನು ಅಲ್ಲಿ ಕೂತಿದ್ದ ಯಾರೂ ಕೇಳಿರಲಿಲ್ಲ. ಅದೂ ಮಗನ ಎದುರಿಗೆ! ಯಾವ ಮಾತನ್ನು ಸುಳ್ಳು ಮಾಡಲು ಸಮುದ್ರ ದಾಟಿ ಹೋಗಿದ್ದರೋ ಆ ಮಾತನ್ನು ತಾವೇ ಅವನ ಕೈಗೆ ಕೊಟ್ಟುಬಿಟ್ಟಿದ್ದರು.

ನಾನು ಎದ್ದು ನಿಂತೆ. "ಸುಳ್ಳು. ಹೆದರಿದ್ದು ನಾನು. ಅತ್ತೆ ಆರಾಮಾಗಿ ಹತ್ತುತಾ ಇದ್ರು. ನಾನು ಅಳೋದೊಂದು ಬಾಕಿ ಇತ್ತು."

ಯಾರಾದರೂ ನಂಬಿದರೇ? ಉಹೂಂ! ಆಂಟಿಯೊಬ್ಬರು ನನ್ನ ಬೆನ್ನು ಸವರಿ, "ದೊಡ್ಡವರ ಮರ್ಯಾದೆ ಉಳಿಸೋದು ಹೀಗೆ ನೋಡಿ" ಎಂದರು. ಇನ್ನೊಬ್ಬರು ತಮ್ಮ ಮಗಳಿಗೆ ನನ್ನನ್ನು ತೋರಿಸಿ ಬುದ್ಧಿ ಹೇಳಿದರು. ಅತ್ತೆ ಗೆದ್ದವರಂತೆ ನಗುತ್ತಾ, "ಎಷ್ಟು ಸಂಭಾವಿತ ಹುಡುಗಿ ನೋಡ್ರಿ!" ಎಂದು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದರು. ಜೀವನದಲ್ಲಿ ಒಮ್ಮೆ ಅತ್ತೆಗೆ ಎದುರು ನಿಂತೆ, ಒಮ್ಮೆಲೇ ಸೋತೆ.

ಮಗ ಮಾತ್ರ ನಗಲಿಲ್ಲ. ಊಟ ಮುಗಿದ ಮೇಲೆ ಅಡುಗೆಮನೆಯಲ್ಲಿದ್ದ ನನ್ನ ಬಳಿ ಬಂದು ಮೆಲ್ಲಗೆ, "ಇಟ್ ವಾಸ್ ಯೂ, ರೈಟ್?" ಎಂದು ಕೇಳಿದ. ನಾನು ತಲೆಯಾಡಿಸಿದೆ. "ಆಪರೇಷನ್ ಆದ ದಿನ ಕೂಡ ಶಿ ಡಿಡಂಟ್ ಸೇ ನೋವು" ಎಂದ.

ಅತ್ತೆ ಒಲೆಯ ಪಕ್ಕದಲ್ಲಿ ನಮಗೆ ಬೆನ್ನು ಮಾಡಿ ಕಟ್ಟೆ ಒರೆಸುತ್ತಿದ್ದರು. ಅವನು ಹತ್ತಿರ ಹೋಗಿ ನಿಂತ. ಪದಗಳನ್ನು ಒಂದೊಂದಾಗಿ ಹುಡುಕಿ ಜೋಡಿಸುತ್ತಾ, ಚಿಕ್ಕ ಮಗುವಿನ ಕನ್ನಡದಲ್ಲಿ ಹೇಳಿದ:

"ಅಮ್ಮಾ, ನಾಳೆ ನನ್ನ ದೇವಸ್ಥಾನಕ್ಕೆ ಕರ್ಕೊಂಡು ಹೋಗ್ತೀಯಾ? ನೀನು ಡ್ರೈವ್ ಮಾಡು. ನಾನು ಪಕ್ಕ ಕೂತ್ಕೋತೀನಿ."

ಅತ್ತೆ ತಿರುಗಿ ನೋಡಲಿಲ್ಲ. ಆಗಲೇ ಒರೆಸಿ ಹೊಳೆಯುತ್ತಿದ್ದ ಆ ಕಟ್ಟೆಯನ್ನು ಮತ್ತೆ ಮತ್ತೆ ಒರೆಸುತ್ತಾ ನಿಂತಿದ್ದರು.